ಗೋಡೆ, ಮರ, ತಗಡು, ಪ್ಲಾಸ್ಟಿಕ್: ಬಣ್ಣ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ

ಮನೆಯಲ್ಲಿ ಬಣ್ಣದ ಕೆಲಸಕ್ಕೆ ಕೈಹಾಕುವವರು ನನ್ನನ್ನು ಮೊದಲು ಕೇಳುವುದು ಯಾವ ಬಣ್ಣ ಒಳ್ಳೆಯದು ಎಂದು. ಯಾವುದರ ಮೇಲೆ ಹಚ್ಚುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಗದೆ ಮೊದಲನೆಯ ಪ್ರಶ್ನೆಗೆ ಉತ್ತರಿಸಲು ಸಾಧ್ಯವಿಲ್ಲ. ಮರದ ಕಿಟಕಿಯ ಮೇಲೆ ವರ್ಷಗಟ್ಟಲೆ ನಿಲ್ಲುವ ಎನಾಮೆಲ್, ಅದೇ ಮನೆಯ ಮೇಲಿನ ಸತು ಲೇಪಿತ ತಗಡಿಗೆ ಹಚ್ಚಿದರೆ ಬಹುಬೇಗ ಹಾಳೆಹಾಳೆಯಾಗಿ ಸುಲಿದು ಬರುತ್ತದೆ. ಡಬ್ಬಿಯೂ ಅದೇ, ಹಚ್ಚಿದ ಕೈಯೂ ಅದೇ. ಬೇರೆಯಾದದ್ದು ಬಣ್ಣದ ಅಡಿಯಲ್ಲಿರುವ ವಸ್ತು ಮಾತ್ರ.

ಬಣ್ಣವೆಂದರೆ ನುಣ್ಣನೆಯ ವರ್ಣದ ಪುಡಿ, ಆ ಪುಡಿಯನ್ನು ಹಿಡಿದಿಡುವ ಬಂಧಕ, ಮತ್ತು ಹಚ್ಚಲು ಅನುಕೂಲವಾಗುವಂತೆ ಎರಡನ್ನೂ ತೆಳುವಾಗಿಸುವ ನೀರು ಅಥವಾ ಟರ್ಪೆಂಟೈನ್‌ನಂಥ ದ್ರಾವಕ. ಇವುಗಳಲ್ಲಿ ಬಣ್ಣದ ಆಯುಸ್ಸನ್ನು ನಿರ್ಧರಿಸುವುದು ಬಂಧಕ. ಎಮಲ್ಷನ್ ಬಣ್ಣದಲ್ಲಿ ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ರೂಪದಲ್ಲಿರುತ್ತದೆ, ನೀರು ಆರಿದಂತೆ ಆ ಕಣಗಳು ಒತ್ತೊತ್ತಾಗಿ ಸೇರಿ ಒಂದೇ ಪದರವಾಗುತ್ತವೆ. ಎಣ್ಣೆ ಆಧಾರಿತ ಎನಾಮೆಲ್‌ನಲ್ಲಿ ದ್ರಾವಕ ಆರುವುದು ಮೊದಲ ಹಂತವಷ್ಟೇ. ಅನಂತರ ಬಂಧಕವು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಎರಡೂ ಬಗೆಯಲ್ಲಿ ಒಂದು ಕೋಟ್ ಒಣಗಿದ ಮೇಲೆ ಉಳಿಯುವ ಪದರದ ದಪ್ಪ ಸಾಮಾನ್ಯವಾಗಿ 25ರಿಂದ 40 ಮೈಕ್ರಾನ್‌, ಅಂದರೆ ತಲೆಗೂದಲಿಗಿಂತಲೂ ತೆಳು. ಇಷ್ಟು ತೆಳುವಾದ ಪದರ ಬಿಸಿಲು, ತೇವ, ಉಜ್ಜುವಿಕೆಗಳನ್ನೆಲ್ಲ ತಾಳಿಕೊಳ್ಳಬೇಕಾದರೆ ಅದಕ್ಕೆ ಹಿಡಿತ ಸಿಗಲೇಬೇಕು. ಆ ಹಿಡಿತ ಸಿಗುವುದು ಮೇಲ್ಮೈಯ ರಂಧ್ರಗಳಲ್ಲಿ, ಉಜ್ಜಿ ಮಾಡಿದ ಗೀರುಗಳಲ್ಲಿ, ಮತ್ತು ಬಣ್ಣಕ್ಕೂ ವಸ್ತುವಿಗೂ ನಡುವಿನ ಅಣುಮಟ್ಟದ ಆಕರ್ಷಣೆಯಲ್ಲಿ. ಜಿಡ್ಡು, ಧೂಳು, ತುಕ್ಕು, ಉಪ್ಪು ಇವುಗಳಲ್ಲಿ ಯಾವುದು ನಡುವೆ ಬಂದರೂ ಬಣ್ಣ ಹಿಡಿಯುವುದು ವಸ್ತುವನ್ನಲ್ಲ, ಆ ಕಸವನ್ನು.

ಗೋಡೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸುಲಭವೆಂದು ಎಲ್ಲರೂ ಭಾವಿಸುತ್ತಾರೆ. ಹೊಸ ಸಿಮೆಂಟ್ ಗಾರೆ ತೀವ್ರ ಕ್ಷಾರೀಯ. ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ ಅದರಲ್ಲಿ 12ರಿಂದ 13ರಷ್ಟಿರುತ್ತದೆ. ಗಾರೆಯೊಳಗೆ ತೇವವೂ ಉಳಿದಿರುವಾಗ ಅದರ ಮೇಲೆ ಎಣ್ಣೆಯ ಬಣ್ಣ ಹಚ್ಚಿದರೆ ಕ್ಷಾರವು ಬಂಧಕದಲ್ಲಿರುವ ಎಣ್ಣೆಯೊಡನೆ ಸೇರಿ ಅದನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಸಾಬೂನು ತಯಾರಿಕೆಯಲ್ಲಿ ಉದ್ದೇಶಪೂರ್ವಕವಾಗಿ ನಡೆಯುವ ಕ್ರಿಯೆಯೇ ಇಲ್ಲಿ ಬೇಡದ ಜಾಗದಲ್ಲಿ ನಡೆಯುತ್ತದೆ. ಬಣ್ಣ ಅಂಟಂಟಾಗಿ, ಮೆತ್ತಗಾಗಿ, ಕೊನೆಗೆ ಗುಳ್ಳೆಯೆದ್ದು ಕಳಚುತ್ತದೆ. ಆದ್ದರಿಂದಲೇ ಹೊಸ ಗಾರೆಯನ್ನು ಕನಿಷ್ಠ 28 ದಿನ ಬಿಡಬೇಕೆಂಬ ರೂಢಿ ಬಂದಿದೆ. ಆದರೆ ದಿನಗಳ ಎಣಿಕೆಯನ್ನು ನಾನು ಪೂರ್ತಿ ನಂಬುವುದಿಲ್ಲ: ದಪ್ಪ ಗೋಡೆ, ಗಾಳಿಯಾಡದ ಕೋಣೆ, ತೇವದ ಹವೆ ಇದ್ದಲ್ಲಿ ಒಣಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಒಣಗಿದ ಮೇಲೂ ಕ್ಷಾರವನ್ನು ತಡೆಯುವ ಪ್ರೈಮರನ್ನು, ಅಂದರೆ ಬಣ್ಣದ ಅಡಿಗೆ ಹಚ್ಚುವ ತಳಪದರವನ್ನು, ಮೊದಲು ಹಚ್ಚಿ, ಅದರ ಮೇಲೆ ಎಮಲ್ಷನ್ ಹಚ್ಚುವುದು ಕ್ಷೇಮ.

ಗೋಡೆ ಒಣಗಿದೆಯೇ ಎಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪಿನಿಂದ ಬಿಗಿಯಾಗಿ ಗೋಡೆಗೆ ಅಂಟಿಸಿ, ಮರುದಿನ ಬಿಚ್ಚಿ ನೋಡಿದರೆ ಸಾಕು. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿಗಳು ಕಂಡರೆ ತೇವ ಗೋಡೆಯಿಂದಲೇ ಬರುತ್ತಿದೆ; ಹೊರಬದಿಯಲ್ಲಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಈ ವ್ಯತ್ಯಾಸ ಬಹಳ ಮುಖ್ಯ. ಗೋಡೆಯಿಂದ ಬರುವ ತೇವಕ್ಕೆ ಸೋರುವ ಕೊಳವೆ, ಬಿರುಕು ಬಿಟ್ಟ ಹೊರಗೋಡೆ, ನೆಲದಿಂದ ಏರುವ ನೀರು ಹೀಗೆ ಏನೋ ಒಂದು ಮೂಲವಿರುತ್ತದೆ, ಆ ಮೂಲವನ್ನು ಸರಿಪಡಿಸದೆ ಹಚ್ಚುವ ಯಾವ ಬಣ್ಣವೂ ಉಳಿಯುವುದಿಲ್ಲ. ಒಳಗಿನಿಂದ ಜಲನಿರೋಧಕ ಬಣ್ಣ ಬಳಿದರೆ ತೇವ ನಿಲ್ಲುತ್ತದೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನೀರು ಪದರದ ಹಿಂದೆಯೇ ಸೇರಿ, ಸ್ವಲ್ಪ ಕಾಲದ ಬಳಿಕ ಬಣ್ಣವನ್ನು ಗಾರೆಯ ಚೂರುಗಳ ಸಮೇತ ಹೊರಕ್ಕೆ ತಳ್ಳುತ್ತದೆ.

ಇಂಥ ಗೋಡೆಗಳ ಮೇಲೆ ಬಿಳಿಯ ಪುಡಿಯೂ ಕಾಣಿಸಿಕೊಳ್ಳುತ್ತದೆ. ಗೋಡೆಯೊಳಗಿನ ಲವಣಗಳು ನೀರಿನೊಡನೆ ಹೊರಬಂದು, ನೀರು ಆರಿದ ಮೇಲೆ ಹರಳುಗಟ್ಟಿ ಉಳಿಯುವುದೇ ಅದು. ನೋಡಿದ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸುವುದು ಸಹಜ, ಆದರೆ ಹಾಗೆ ಮಾಡಿದರೆ ಉಪ್ಪು ಮತ್ತೆ ಕರಗಿ ಗೋಡೆಯೊಳಕ್ಕೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಉದುರಿದ ಪುಡಿಯನ್ನು ಗುಡಿಸಿ ತೆಗೆದು, ಮತ್ತೆ ಬರುತ್ತದೆಯೇ ಎಂದು ಕೆಲವು ವಾರ ಕಾದು ನೋಡಬೇಕು.

ಹಳೆಯ ಗೋಡೆಗೆ ಬೇರೆ ಪರೀಕ್ಷೆಗಳಿವೆ. ಅಂಗೈಯಿಂದ ಗೋಡೆಯನ್ನು ಸವರಿದಾಗ ಬಿಳಿಯ ಪುಡಿ ಅಂಟಿದರೆ ಅಲ್ಲಿರುವುದು ಸುಣ್ಣವೋ, ಬಂಧಕ ಸತ್ತುಹೋದ ಹಳೆಯ ಬಣ್ಣವೋ ಆಗಿರುತ್ತದೆ. ಸುಣ್ಣದ ಪದರದ ಮೇಲೆ ನೇರವಾಗಿ ಎಮಲ್ಷನ್ ಹಚ್ಚಬಾರದು: ಎಮಲ್ಷನ್ ಒಣಗುವಾಗ ಸ್ವಲ್ಪ ಕುಗ್ಗಿ ಕೆಳಗಿನದನ್ನು ಎಳೆಯುತ್ತದೆ, ಸುಣ್ಣಕ್ಕೆ ಆ ಎಳೆತವನ್ನು ತಾಳುವ ಬಲವಿಲ್ಲ, ಆದ್ದರಿಂದ ಎರಡೂ ಒಟ್ಟಿಗೆ ಹಕ್ಕಳೆಯೇಳುತ್ತವೆ. ಕೆರೆದು ತೆಗೆಯುವುದು ಬೇಸರದ ಕೆಲಸವಾದರೂ ಅದನ್ನು ತಪ್ಪಿಸುವ ದಾರಿಯಿಲ್ಲ. ಕೆರೆದ ಬಳಿಕ ಉಳಿದ ಪುಡಿಯನ್ನು ಕಟ್ಟಿಹಾಕಲು ಒಳಕ್ಕಿಳಿಯುವ ತೆಳು ಪ್ರೈಮರ್ ಹಚ್ಚಬೇಕು. ಹಳೆಯ ಬಣ್ಣ ನೀರಿನದೋ ಎಣ್ಣೆಯದೋ ತಿಳಿಯದಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಎಮಲ್ಷನ್ ಆಗಿದ್ದರೆ ಮೆತ್ತಗಾಗಿ ಹತ್ತಿಗೆ ಬಣ್ಣ ಹತ್ತುತ್ತದೆ, ಎಣ್ಣೆಯ ಬಣ್ಣವಾಗಿದ್ದರೆ ಏನೂ ಆಗುವುದಿಲ್ಲ. ಎಣ್ಣೆಯ ಬಣ್ಣದ ಹೊಳಪಿನ ಮೇಲೆ ಎಮಲ್ಷನ್ ಹಚ್ಚುವ ಮೊದಲು ಹೊಳಪು ಪೂರ್ತಿ ಮಾಸುವಷ್ಟು ಉಜ್ಜಿ, ಎರಡನ್ನೂ ಬೆಸೆಯುವ ಪ್ರೈಮರ್ ಹಾಕಲೇಬೇಕು.

ಅಡುಗೆಮನೆಯ ವಿಷಯದಲ್ಲಿ ಕೆಲಸದ ಕ್ರಮವೇ ಮುಖ್ಯವಾಗುತ್ತದೆ. ಅಲ್ಲಿನ ಗೋಡೆಗಳ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಪದರವಿರುತ್ತದೆ, ತೊಳೆಯದೆ ಉಜ್ಜಿದರೆ ಉಪ್ಪುಕಾಗದವು ಆ ಜಿಡ್ಡನ್ನು ಗೀರುಗಳೊಳಗೆ ತುಂಬುತ್ತದೆ. ಮೊದಲು ಸೋಪಿನ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಒರೆಸಿ, ಒಣಗಿದ ಮೇಲೆ ಉಜ್ಜಬೇಕು. ಹೊಗೆ, ಸೋರಿದ ನೀರು ಮಾಡಿದ ಕಂದು ಕಲೆಗಳು ನೀರಿನ ಬಣ್ಣದಲ್ಲಿ ಕರಗಿ ಮೇಲೆ ಬರುತ್ತವೆ. ಎಷ್ಟು ಕೋಟ್ ಹಚ್ಚಿದರೂ ಮತ್ತೆ ಮತ್ತೆ ಕಾಣುತ್ತವೆ. ಅವುಗಳಿಗೆ ಕಲೆ ತಡೆಯುವ, ನೀರಲ್ಲದ ಆಧಾರದ ಪ್ರೈಮರ್ ಒಂದೇ ಸರಿಯಾದ ಉಪಾಯ.

ಮರ ಎಂದೂ ಸುಮ್ಮನಿರುವ ವಸ್ತುವಲ್ಲ. ಗಾಳಿಯ ತೇವ ಹೆಚ್ಚಿದಾಗ ಹಿಗ್ಗುತ್ತದೆ, ಕಡಿಮೆಯಾದಾಗ ಕುಗ್ಗುತ್ತದೆ, ಅದೂ ಎಳೆಯ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಬಾಗಿಲಿನ ಹಲಗೆಗಳ ಸಂದಿನಲ್ಲಿ ಬಣ್ಣ ಸೀಳುವುದಕ್ಕೆ ಕಾರಣ ಇದೇ ಹೊರತು ಬಣ್ಣದ ಕೆಟ್ಟ ಗುಣವಲ್ಲ. ಹಸಿ ಮರಕ್ಕೆ ಬಣ್ಣ ಹಚ್ಚಿದರೆ ಒಳಗಿನ ನೀರು ಹೊರಬರಲು ದಾರಿ ಹುಡುಕಿ ಗುಳ್ಳೆಗಳನ್ನೆಬ್ಬಿಸುತ್ತದೆ. ತೇವಾಂಶ 15 ಶೇಕಡಾಕ್ಕಿಂತ ಕೆಳಗಿಳಿದ ಮೇಲೆಯೇ ಕೆಲಸ ಆರಂಭಿಸುವುದು ಒಳ್ಳೆಯದು. ಉಜ್ಜುವಾಗ 80 ಅಥವಾ 100ರ ಉಪ್ಪುಕಾಗದದಿಂದ ಆರಂಭಿಸಿ 150, 180ರವರೆಗೆ ಹೋದರೆ ಸಾಕು (ಅಂಕಿ ಹೆಚ್ಚಿದಷ್ಟೂ ಕಾಗದ ನಯ). ಇದಕ್ಕಿಂತ ನುಣುಪಾಗಿಸಿದರೆ ನೋಡಲು ಚೆಂದವಾದರೂ ಪ್ರೈಮರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಎಳೆಯ ಗುಂಟವೇ ಉಜ್ಜಬೇಕು, ಅಡ್ಡ ಉಜ್ಜಿದ ಗೀರುಗಳು ಹೊಳಪಿನ ಬಣ್ಣದ ಕೆಳಗೆ ಎದ್ದು ಕಾಣುತ್ತವೆ.

ಮರದ ಕೆಲಸದಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಪ್ರೈಮರ್ ಮತ್ತು ಸಂದು-ಗುಳಿಗಳನ್ನು ತುಂಬುವ ಪುಟ್ಟಿಯ ಕ್ರಮವನ್ನು. ಬರಿಯ ಮರಕ್ಕೆ ನೇರವಾಗಿ ಎಣ್ಣೆಯ ಪುಟ್ಟಿ ತುಂಬಿದರೆ ಮರ ಅದರ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಉಳಿದ ಪುಡಿ ಒಣಗಿ ಉದುರುತ್ತದೆ. ಆದ್ದರಿಂದ ಮೊದಲು ಪ್ರೈಮರ್, ಅನಂತರ ಪುಟ್ಟಿ, ಉಜ್ಜಿದ ಮೇಲೆ ಪುಟ್ಟಿಯ ಜಾಗಗಳಿಗೆ ಮತ್ತೊಮ್ಮೆ ಪ್ರೈಮರ್. ಹಲಗೆಯ ಕೊಯ್ದ ತುದಿ, ಅಂದರೆ ಬಾಗಿಲಿನ ಮೇಲಿನ ಮತ್ತು ಕೆಳಗಿನ ಅಂಚು, ಮುಖಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನೀರು ಕುಡಿಯುತ್ತದೆ. ಕಣ್ಣಿಗೆ ಬೀಳದ ಈ ಅಂಚುಗಳನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಾಗಿಲು ಉಬ್ಬುವುದೂ ಅಲ್ಲಿಂದಲೇ. ಗಂಟುಗಳಿರುವ ಮರದಲ್ಲಿ ರಾಳ ಬಿಸಿಗೆ ಕರಗಿ ಹಳದಿ ಕಲೆಯಾಗಿ ಹೊರಬರುತ್ತದೆ, ಅಂಥ ಗಂಟುಗಳಿಗೆ ಮೊದಲೇ ಅರಗಿನಿಂದ ಮಾಡಿದ ಶೆಲ್ಯಾಕ್ ಹಚ್ಚಿ ಮುಚ್ಚಬೇಕು. ತೇಗದಂಥ ಎಣ್ಣೆಯಂಶವಿರುವ ಮರವನ್ನು ಪ್ರೈಮರ್ ಹಚ್ಚುವುದಕ್ಕೆ ಸ್ವಲ್ಪ ಮೊದಲು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಹಳೆಯ ಪಾಲಿಶ್ ಮಾಡಿದ ಪೀಠೋಪಕರಣಗಳಲ್ಲಿ ಮೇಣವೋ ಸಿಲಿಕೋನೋ ಉಳಿದಿದ್ದರೆ ಹೊಸ ಬಣ್ಣ ಅಲ್ಲಲ್ಲಿ ಸರಿದು ಸಣ್ಣ ಸಣ್ಣ ಗುಳಿಗಳಾಗುತ್ತವೆ, ಆಗ ಮೇಲಿಂದ ಮೇಲೆ ಹಚ್ಚುವುದರಿಂದ ಪ್ರಯೋಜನವಿಲ್ಲ, ಒರೆಸಿ ತೆಗೆದು ಮತ್ತೆ ಮೊದಲಿನಿಂದ ತೊಳೆಯಬೇಕು.

ಕಬ್ಬಿಣದ ವಿಷಯ ನೇರವಾದದ್ದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಆದ್ದರಿಂದ ಬಣ್ಣದ ಅಡಿಯಲ್ಲಿ ಉಳಿದ ಸ್ವಲ್ಪ ತುಕ್ಕು ಬೆಳೆಯುತ್ತ ಬಣ್ಣವನ್ನು ಎತ್ತಿ ಒಡೆಯುತ್ತದೆ. ತಂತಿ ಬ್ರಷ್ ಮತ್ತು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಥಿನ್ನರಿನಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಬೇಕು. ತೇವದ ಹವೆಯಲ್ಲಿ ಬರಿಯ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಮತ್ತೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಸರಳು, ಗೇಟುಗಳಲ್ಲಿ ತುಕ್ಕು ಯಾವಾಗಲೂ ಚೂಪು ಅಂಚುಗಳಿಂದ, ಬೆಸುಗೆಗಳಿಂದ ಆರಂಭವಾಗುವುದನ್ನು ಗಮನಿಸಿರಬಹುದು. ದ್ರವರೂಪದ ಬಣ್ಣವು ಚೂಪು ಅಂಚಿನಿಂದ ಹಿಂದೆ ಸರಿಯುವುದರಿಂದ ಅಲ್ಲಿ ಪದರ ಬಹಳ ತೆಳುವಾಗಿರುತ್ತದೆ. ಅಂಚನ್ನು ಸ್ವಲ್ಪ ಗುಂಡಾಗಿ ಉಜ್ಜಿ, ಇಡೀ ಗೇಟಿಗೆ ಹಚ್ಚುವ ಮೊದಲು ಅಂಚು ಮತ್ತು ಬೆಸುಗೆಗಳಿಗೆ ಮಾತ್ರ ಸಣ್ಣ ಬ್ರಷ್‌ನಿಂದ ಒಂದು ಹೆಚ್ಚುವರಿ ಕೋಟ್ ಕೊಟ್ಟರೆ ಆಯುಸ್ಸು ಗಣನೀಯವಾಗಿ ಹೆಚ್ಚುತ್ತದೆ.

ಸತು ಲೇಪಿತ ತಗಡಿನ ಸಮಸ್ಯೆಗೆ ಕಾರಣ ತುಕ್ಕಲ್ಲ. ಎಣ್ಣೆ ಆಧಾರಿತ ಎನಾಮೆಲ್‌ನಲ್ಲಿರುವ ಕೊಬ್ಬಿನಾಮ್ಲಗಳು ಸತುವಿನೊಡನೆ ಸೇರಿ ಸತುವಿನ ಸಾಬೂನಿನಂಥ ಪದರವೊಂದನ್ನು ಬಣ್ಣಕ್ಕೂ ಲೋಹಕ್ಕೂ ನಡುವೆಯೇ ಕಟ್ಟುತ್ತವೆ. ಹಚ್ಚಿದಾಗ ಬಣ್ಣ ಸೊಗಸಾಗಿ ಕೂತಂತೆ ಕಾಣುತ್ತದೆ, ತಿಂಗಳುಗಳ ಬಳಿಕ ಹಿಡಿತ ತಪ್ಪುತ್ತದೆ, ಕಾರಣ ತಿಳಿಯದವರು ಬಣ್ಣದ ಗುಣಮಟ್ಟವನ್ನು ದೂರುತ್ತಾರೆ. ಹೊಸ ತಗಡಿನ ಮೇಲೆ ಸಾಗಣೆಗೆಂದು ಹಚ್ಚಿದ ಎಣ್ಣೆಯೂ ಇರಬಹುದು. ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು, ನಯವಾದ ಉಪ್ಪುಕಾಗದದಿಂದ ಸತುವಿನ ಪದರ ಹೋಗದಷ್ಟು ಮಾತ್ರ ಉಜ್ಜಿ, ಸತು ಲೇಪಿತ ಲೋಹಕ್ಕೆಂದೇ ಇರುವ ಪ್ರೈಮರ್ ಹಚ್ಚಬೇಕು. ಇವುಗಳಲ್ಲಿ ನೀರು ಆಧಾರಿತ ಅಕ್ರಿಲಿಕ್ ಪ್ರೈಮರ್‌ಗಳು ಚೆನ್ನಾಗಿ ಹಿಡಿಯುತ್ತವೆ. ಅಲ್ಯೂಮಿನಿಯಂಗೂ ಇಂಥ ವಿಶೇಷ ಪ್ರೈಮರ್ ಬೇಕು, ಏಕೆಂದರೆ ಅದನ್ನು ಉಜ್ಜಿದ ಕ್ಷಣದಲ್ಲೇ ಅದರ ಮೇಲೆ ಹೊಸ ಆಕ್ಸೈಡ್ ಪದರ ಹುಟ್ಟುತ್ತದೆ.

ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಡಿ ಸ್ವಭಾವದಲ್ಲಿ ಸಂಬಂಧವೇ ಇಲ್ಲದ ವಸ್ತುಗಳಿವೆ. ದ್ರವವೊಂದು ಘನವಸ್ತುವಿನ ಮೇಲೆ ಹರಡಬೇಕಾದರೆ ದ್ರವದ ಮೇಲ್ಮೈ ಎಳೆತವು (ಹರಡದೆ ಹನಿಯಾಗಿ ಒಟ್ಟುಗೂಡಲು ಎಳೆಯುವ ಬಲ) ಆ ವಸ್ತುವಿನ ಮೇಲ್ಮೈ ಶಕ್ತಿಗಿಂತ (ದ್ರವವನ್ನು ತನ್ನತ್ತ ಸೆಳೆಯುವ ಸಾಮರ್ಥ್ಯ) ಕಡಿಮೆಯಿರಬೇಕು. ನೀರಿನ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಪಾಲಿಪ್ರೊಪಿಲೀನ್ ಮತ್ತು ಪಾಲಿಎಥಿಲೀನ್‌ಗಳ ಮೇಲ್ಮೈ ಶಕ್ತಿ ಅದೇ ಅಳತೆಯಲ್ಲಿ 30ರ ಆಸುಪಾಸು. ಇವುಗಳಿಂದ ಮಾಡಿದ ಬಕೆಟ್, ಹಗುರ ಕುರ್ಚಿ, ಡಬ್ಬಿಗಳ ಮೇಲೆ ನೀರು ಹರಡದೆ ಮಣಿಯಾಗಿ ನಿಲ್ಲುವುದು ಇದರಿಂದಲೇ, ಬಣ್ಣ ಉಗುರು ತಾಗಿದರೆ ಸಿಪ್ಪೆಯಂತೆ ಬರುವುದೂ ಇದರಿಂದಲೇ. ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ ಇರುವ ಅಂಕಿಯನ್ನು ನೋಡಿ: 2 ಮತ್ತು 4 ಪಾಲಿಎಥಿಲೀನ್, 5 ಪಾಲಿಪ್ರೊಪಿಲೀನ್. ಇವುಗಳಿಗೆ ಎಷ್ಟು ಉಜ್ಜಿದರೂ ಸಾಲದು, ಇಂಥ ಪ್ಲಾಸ್ಟಿಕ್‌ಗಳಿಗೆಂದೇ ತಯಾರಿಸಿದ ಅಂಟುವರ್ಧಕ ಪ್ರೈಮರ್ ಬೇಕೇ ಬೇಕು, ಅದಿದ್ದರೂ ಬಗ್ಗುವ, ಉಜ್ಜುವ, ದಿನವೂ ಕೈಯಾಡುವ ವಸ್ತುವಿಗೆ ಬಣ್ಣ ಹಚ್ಚದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. 3ರ ಪಿವಿಸಿ ಮತ್ತು ವಿದ್ಯುತ್ ಉಪಕರಣಗಳ ಕವಚದಲ್ಲಿ ಬಳಸುವ ಎಬಿಎಸ್ ಇದಕ್ಕೆ ವ್ಯತಿರಿಕ್ತ. ಜಿಡ್ಡು ತೆಗೆದು ಹಗುರವಾಗಿ ಉಜ್ಜಿದರೆ ಅವು ಅಕ್ರಿಲಿಕ್ ಬಣ್ಣವನ್ನು ಸಲೀಸಾಗಿ ಹಿಡಿಯುತ್ತವೆ. ಬಿಸಿಲಿಗೆ ಒಡ್ಡಿದ ಪಿವಿಸಿ ಬಾಗಿಲು ಕೊಳವೆಗಳಿಗೆ ಮಾತ್ರ ಕಡುಬಣ್ಣ ಬೇಡ; ಕಪ್ಪು, ಕಡುನೀಲಿಗಳು ಶಾಖವನ್ನು ಹೀರಿ, ಪಿವಿಸಿ ಮೆತ್ತಗಾಗಿ ಡೊಂಕಾಗುವಂತೆ ಮಾಡಬಲ್ಲವು.

ಲ್ಯಾಮಿನೇಟ್ ಹಾಳೆ ಅಂಟಿಸಿದ ಕಪಾಟು, ಹೊಳಪಿನ ಟೈಲ್ಸ್, ಗಾಜು ಇವು ಏನನ್ನೂ ಹೀರುವುದಿಲ್ಲ. ಲ್ಯಾಮಿನೇಟನ್ನು ಹೊಳಪು ಮಾಸುವಂತೆ ಉಜ್ಜಿ ಬಂಧಕ ಪ್ರೈಮರ್ ಹಚ್ಚಿದರೆ ಒಳ್ಳೆಯ ಫಲ ಸಿಗುತ್ತದೆ. ಟೈಲ್ಸ್‌ಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಬಣ್ಣ ಸೂಕ್ತ, ಆದರೆ ಗೋಡೆಯ ಟೈಲ್ಸ್‌ಗೆ ಮಾತ್ರ. ನೀರು ನಿಲ್ಲುವ ಸ್ನಾನದ ಜಾಗ ಮತ್ತು ಓಡಾಡುವ ನೆಲದ ಟೈಲ್ಸ್‌ಗೆ ಮನೆಯಲ್ಲಿ ಬಣ್ಣ ಹಚ್ಚುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಮಣ್ಣಿನ ಹೂಕುಂಡದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಮಕ್ಕಳ ಜೊತೆ ಕೂತು ಮಾಡುವ ಮೊದಲ ಬಣ್ಣದ ಕೆಲಸ ಬಹುಪಾಲು ಅದೇ. ಗಿಡಕ್ಕೆ ಹಾಕಿದ ನೀರು ಕುಂಡದ ಗೋಡೆಯ ಮೂಲಕ ಹೊರಕ್ಕೆ ಬರುತ್ತಲೇ ಇರುತ್ತದೆ, ಹೊರಗೆ ಬಣ್ಣವಿದ್ದರೆ ಅದರ ಹಿಂದೆ ಸೇರುತ್ತದೆ. ಕುಂಡದ ಒಳಮೈಗೆ ಮೊದಲು ನೀರು ತಡೆಯುವ ಲೇಪ ಕೊಟ್ಟು, ಚೆನ್ನಾಗಿ ಒಣಗಿದ ಮೇಲೆ ಹೊರಗೆ ಅಕ್ರಿಲಿಕ್ ಬಣ್ಣ ಹಚ್ಚಿದರೆ ಮಕ್ಕಳ ಶ್ರಮ ಉಳಿಯುತ್ತದೆ. ಎಣ್ಣೆಯ ಬಣ್ಣ ಇಲ್ಲಿ ಬೇಡ.

ಉಜ್ಜುವ, ಕೆರೆಯುವ ಕೆಲಸ ಅಪಾಯಕಾರಿಯಾಗುವ ಸಂದರ್ಭಗಳಿವೆ, ಅವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಬಹಳ ಹಳೆಯ ಮನೆಗಳ ಎಣ್ಣೆಯ ಬಣ್ಣದಲ್ಲಿ ಸೀಸವಿರಬಹುದು. ಮಿತಿ ಇಷ್ಟಿರಲಿ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಶಿಫಾರಸು ಮಾಡಿರುವುದು 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ; ಹಳೆಯ ಬಣ್ಣಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸ ಇರುತ್ತಿತ್ತು. ಸೀಸಕ್ಕೆ ಒಡ್ಡಿಕೊಳ್ಳುವುದರಲ್ಲಿ ಸುರಕ್ಷಿತವೆನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನುಮಾನವಿದ್ದರೆ ಒಣದಾಗಿ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ, ಮಕ್ಕಳನ್ನು ಮತ್ತು ಗರ್ಭಿಣಿಯರನ್ನು ದೂರವಿಡಿ, ಪರೀಕ್ಷೆ ಮಾಡಿಸಿ. ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳನ್ನು ಉಜ್ಜಲೇಬಾರದು, ಕೊರೆಯಲೂಬಾರದು. ಅಗಸೆ ಎಣ್ಣೆ ಹೀರಿದ ಚಿಂದಿ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಆಮ್ಲಜನಕದೊಡನೆ ಸೇರುವಾಗ ಹುಟ್ಟುವ ಶಾಖ ಹೊರಹೋಗಲಾರದೆ, ತಾನಾಗಿಯೇ ಬೆಂಕಿ ಹತ್ತಬಹುದು. ಅವನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು.

ಹವೆಯ ವಿಚಾರದಲ್ಲಿ ಒಂದೇ ಸೂತ್ರ ಪಾಲಿಸಿದರೆ ಸಾಕು: ವಸ್ತುವಿನ ಮೇಲ್ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಮುಂಜಾವಿನ ಲೋಹದ ಮೇಲೆ ಕಣ್ಣಿಗೆ ಕಾಣದ ತೇವವಿರುವುದರಿಂದ ಬಿಸಿಲೇರಿದ ಮೇಲೆ ಕೆಲಸ ಮಾಡುವುದು ಒಳ್ಳೆಯದು; ಆದರೆ ನೇರ ಬಿಸಿಲಿನಲ್ಲಿ ಕಾದ ತಗಡಿಗೆ ಹಚ್ಚಿದರೆ ಬಣ್ಣದ ಮೇಲ್ಪದರ ಬೇಗ ಗಟ್ಟಿಯಾಗಿ ಒಳಗಿನ ದ್ರಾವಕ ಸಿಕ್ಕಿಬೀಳುತ್ತದೆ. ದಪ್ಪ ಕೋಟ್‌ಗಳಲ್ಲಿ ಸುಕ್ಕು ಬೀಳುವುದಕ್ಕೂ ಇದೇ ಕಾರಣ, ಆದ್ದರಿಂದ ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಯಾವಾಗಲೂ ಮೇಲು. ಮುಟ್ಟಿದರೆ ಕೈಗೆ ಹತ್ತದ ಬಣ್ಣ ಪೂರ್ತಿ ಗಟ್ಟಿಯಾಗಿದೆ ಎಂದು ಭಾವಿಸಬೇಡಿ. ಎನಾಮೆಲ್‌ಗೆ ವಾರವಾದರೂ ಬೇಕು, ಎಮಲ್ಷನ್‌ಗೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗೋಡೆಯನ್ನು ತೊಳೆಯುವುದು, ಕಪಾಟಿನಲ್ಲಿ ಭಾರದ ಸಾಮಾನು ಜೋಡಿಸುವುದು ಬೇಡ.

ವಸ್ತು ಯಾವುದೆಂದು ಖಚಿತವಾಗದಿದ್ದಾಗ, ಕಣ್ಣಿಗೆ ಬೀಳದ ಒಂದು ಜಾಗದಲ್ಲಿ ಅಂಗೈಯಗಲದಷ್ಟು ಪ್ರೈಮರ್ ಮತ್ತು ಬಣ್ಣ ಹಚ್ಚಿ ಒಂದು ವಾರ ಬಿಡಿ. ಅನಂತರ ಹರಿತವಾದ ಬ್ಲೇಡಿನಿಂದ ಅಡ್ಡಕ್ಕೂ ಉದ್ದಕ್ಕೂ ಐದಾರು ಗೀರು ಎಳೆದು ಸಣ್ಣ ಚೌಕಗಳನ್ನು ಮಾಡಿ, ಅದರ ಮೇಲೆ ಟೇಪನ್ನು ಬಲವಾಗಿ ಒತ್ತಿ, ಒಂದೇ ಸಲಕ್ಕೆ ಎಳೆಯಿರಿ. ಚೌಕಗಳು ಉಳಿದರೆ ಇಡೀ ಕೆಲಸಕ್ಕೆ ಅದೇ ಪ್ರೈಮರನ್ನು ಬಳಸಬಹುದು. ಟೇಪಿಗೆ ಅಂಟಿ ಬಂದರೆ, ಬಂದದ್ದರ ಹಿಂಬದಿಯನ್ನು ನೋಡಿ. ಅಲ್ಲಿ ಪುಡಿ ಕಂಡರೆ ಇನ್ನೂ ಕೆರೆಯಬೇಕು, ಜಿಡ್ಡು ಕಂಡರೆ ಇನ್ನೂ ತೊಳೆಯಬೇಕು, ಏನೂ ಇಲ್ಲದೆ ನುಣುಪಾಗಿದ್ದರೆ ಪ್ರೈಮರನ್ನೇ ಬದಲಿಸಬೇಕು.